ಟ್ರ್ಯಾಕ್ಟರ್ ಹಾಲು ಕೊಟ್ಟ ದಿನ

ನಮ್ಮ ಮನೆಯ ಟ್ರ್ಯಾಕ್ಟರು ನನಗಿಂತ ಎರಡು ವರ್ಷಕ್ಕೆ ದೊಡ್ಡದು. ಅದಕ್ಕೇ ಏನೋ, ಅಪ್ಪ ಅದನ್ನು ಬೈಯುವಾಗಲೂ ಬಹುವಚನ ಬಿಡುವುದಿಲ್ಲ: "ಇವ್ರು ಇವತ್ತು ಕಲ್ಟಿವೇಟರ್ ಎತ್ತಲ್ವಂತೆ!"

ನಿಜವೇ. ರಾತ್ರಿ ಎತ್ತಿ ನಿಲ್ಲಿಸಿದ ಕಲ್ಟಿವೇಟರ್ ಬೆಳಗಾಗುವುದರೊಳಗೆ ನೆಲಕ್ಕೊರಗಿ ಮಲಗಿರುತ್ತಿತ್ತು. ಲಿಫ್ಟಿನ ಪಿಸ್ಟನ್ ಸೀಲು ಸವೆದರೆ ಹಾಗೇ. ಒತ್ತಡ ಸೋರುತ್ತದೆ, ನಮ್ಮ ಚೀಟಿ ದುಡ್ಡಿನ ಹಾಗೆ.

ಮೇಸ್ತ್ರಿ ಬಂದು ಡ್ರೈನ್ ಬೋಲ್ಟ್ ಬಿಚ್ಚಿದರು. ಬಕೆಟ್ಟಿಗೆ ಸುರಿದದ್ದು ಆಯಿಲ್ಲಲ್ಲ, ಹಾಲು ಜಾಸ್ತಿಯಾದ ಕಾಫಿ. "ನೀರು ಸೇರೈತೆ ಗೌಡ್ರೆ." ಎಲ್ಲಿಂದ? ಗೇರ್ ಕಡ್ಡಿಯ ಬುಡದ ರಬ್ಬರ್ ಟೋಪಿ ಹರಿದು ಎರಡು ಮಳೆಗಾಲ ಕಳೆದಿತ್ತು. ಅಲ್ಲಿ ಅಪ್ಪ ಸುತ್ತಿದ್ದುದು ಹಾಲಿನ ಪ್ಯಾಕೆಟ್ಟಿನ ಕವರು. ಬಣ್ಣ ಅದರಿಂದಲೇ ಇಳಿದಿರಬೇಕು ಎಂದು ಅಮ್ಮನ ತೀರ್ಮಾನ.

ಗೇರು, ಡಿಫರೆನ್ಷಿಯಲ್, ಲಿಫ್ಟ್ ಮೂರೂ ಒಂದೇ ಆಯಿಲ್ಲಿನಲ್ಲಿ ಬಾಳುವ ಅವಿಭಕ್ತ ಕುಟುಂಬ. 1946ರಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ತಯಾರಾಗತೊಡಗಿದ ಫರ್ಗುಸನ್ ಟಿಇ-20ರಲ್ಲೂ ಇದೇ ಏರ್ಪಾಡು. ಅದರಲ್ಲಿ ಕ್ಲಚ್ ತುಳಿದರೆ ಲಿಫ್ಟಿನ ಪಂಪೂ ನಿಲ್ಲುತ್ತಿತ್ತು. ಕೂಡುಕುಟುಂಬದ ಕಷ್ಟ ಗೊತ್ತಲ್ಲ, ಗೇರಿನ ಹಲ್ಲು ಸವೆದ ಪುಡಿ ಹೋಗಿ ಗೀಚುವುದು ಲಿಫ್ಟಿನ ಪಂಪನ್ನು.

ಒಳಗೆಲ್ಲ ಡೀಸೆಲ್ಲಿನಲ್ಲಿ ತೊಳೆದು, ಜಾಲರಿ ಒರೆಸಿ, ಸೀಲು ಹಾಕಿ, ಹೊಸ ಆಯಿಲ್ ಕುಡಿಸಿದ್ದಾಯಿತು. ಹಳೆಯದನ್ನು ಚೆಲ್ಲಲು ಅಪ್ಪ ಬಿಡಲಿಲ್ಲ. ಗೇಟಿನ ಕೀಲಿಗೆ ಬೇಕಂತೆ, ಇಪ್ಪತ್ತು ಲೀಟರು!

ಲಿವರ್ ಎಳೆದರು. ಕಲ್ಟಿವೇಟರ್ ಗತ್ತಿನಿಂದ ಮೇಲೆದ್ದಿತು. ಮೇಸ್ತ್ರಿ ದುಡ್ಡು ಎಣಿಸಿಕೊಂಡು ಬೈಕ್ ಹತ್ತಿ ಹೋದರು.

ಈಗ "ಇವ್ರು" ಅದನ್ನು ಕೆಳಗಿಳಿಸಲು ಒಪ್ಪುತ್ತಿಲ್ಲ.