ಕೋಟಿ ತುಂಬಿ ಕೋಡಿ

(ತೊಣ್ಣೂರು ಕೆರೆ ಏರಿ ಮೇಲೆ ನಿಂಗನ ಟೀ ಅಂಗಡಿ. ಜುಲೈ 2025.)

ಗೌಡ: ಯಾಕ್ಲಾ ನಿಂಗ, ಸ್ಕ್ಯಾನರ್‌ಗೆ ಗೋಣಿತಾಟು ಹೊದಿಸಿದ್ದೀಯ? ಚಳಿಯಾ?

ನಿಂಗ: ಜ್ವರ ಕಣ್ ಗೌಡ್ರೆ. ಬೆಂಗ್ಳೂರಲ್ಲಿ ಬೇಕ್ರಿಯೋರ್ಗೆ, ತರಕಾರಿಯೋರ್ಗೆ ಸ್ಕ್ಯಾನ್ ದುಡ್ಡಿನ ಲೆಕ್ಕ ನೋಡಿ ಜಿಎಸ್‌ಟಿ ನೋಟಿಸ್ ಬಂತಲ್ಲ, ಅವತ್ನಿಂದ.

ಗೌಡ: ನೀನೇನು ವರ್ಷಕ್ಕೆ 20 ಲಕ್ಷ ದಾಟೋಷ್ಟು ಟೀ ಮಾರ್ತೀಯಾ?

ನಿಂಗ: ನನ್ನ ಹತ್ತು ರೂಪಾಯಿ ‘ಬಂತು, ಬಂತು’ ಅಂತ ಊರಿಗೇ ಕೂಗ್ತದೆ. ದೊಡ್ಡೋರ ದುಡ್ಡು ಮೂಕ.

ಗೌಡ: ಅವ್ರಿಗೆ ಸಂಪತ್ತಿನ ತೆರಿಗೆ ಇತ್ತಲ್ಲ?

ನಿಂಗ: 2015ರ ಬಜೆಟ್ಟಲ್ಲೇ ಎತ್ತಾಕಿದ್ರು. ವಸೂಲಿಗೆ ಖರ್ಚು ಜಾಸ್ತಿಯಂತೆ, ಬರೋದು ಕಮ್ಮಿಯಂತೆ.

ಗೌಡ: ನಾನೇ ವಾಸಿ! ನನ್ನ ತೆರಿಗೆ ಬಿಸ್ಕತ್ ಪೊಟ್ಟಣದೊಳಗೇ ವಸೂಲಿ. ಮತ್ತೆ 2019ರಲ್ಲಿ ಕಂಪನಿ ತೆರಿಗೆ ಶೇ. 30ರಿಂದ 22ಕ್ಕೆ ಇಳಿಸಿದ್ದು ಯಾಕೆ?

ನಿಂಗ: ಮೇಲಿನೋರು ತುಂಬಿದ್ರೆ ಕೋಡಿ ಬಿದ್ದು ನಮ್ಮ ಗದ್ದೆಗೂ ಹರೀತದೆ ಅಂತ.

ಗೌಡ: ಹರೀತಾ?

ನಿಂಗ: ಕೋಟಿ ತುಂಬ್ತು. ಕೋಡಿ ಬೀಳೋ ಹೊತ್ಗೆ ಏರಿ ಎತ್ತರಿಸ್ಕೊಂಡ್ರು.

ಗೌಡ: ನೀರುಗಂಟಿ ಎಲ್ಲೋಗಿದ್ದ?

ನಿಂಗ: ಡೆಲ್ಲೀಲಿ. ತೂಬಿನ ಕೀಲಿ ಸೊಂಟಕ್ಕೆ ಸಿಗಿಸ್ಕೊಂಡು, ಮೇಲಿನೋರ ಮನೆ ಮದ್ವೇಲಿ ಪಂಕ್ತಿಗೆ ಕೂತಿದ್ದ.

ಗೌಡ: ಸರಿ ಬಿಡು. ತಗೋ, ಹತ್ತರ ನೋಟು.

ನಿಂಗ: ಕೊಡಿ ಸ್ವಾಮಿ. ನೋಟು ಬಂದ್ರೆ ನೋಟಿಸ್ ಬರಾಕಿಲ್ಲ!