ಪುಟಪಥ ಮೀಮಾಂಸೆ: ಒಂದು ಸಾಪೇಕ್ಷ ಪ್ರಸ್ತಾವನೆ

ಪ್ರಸ್ತುತ ಪ್ರಬಂಧವು ಜಾವಾ ಸರ್ವರಿನಲ್ಲಿ ಪುಟವೊಂದು ಕಾಣೆಯಾಗುವ ವಿದ್ಯಮಾನವನ್ನು ಸ್ಥಾನಸಾಪೇಕ್ಷತಾವಾದದ ಚೌಕಟ್ಟಿನಲ್ಲಿ ಅನುಸಂಧಾನಕ್ಕೊಳಪಡಿಸುತ್ತದೆ. (ಹೀಗೆ ಬರೆಯದಿದ್ದರೆ ವಿಚಾರಸಂಕಿರಣದಲ್ಲಿ ಟೀ ಕೂಡ ಕೊಡುವುದಿಲ್ಲ.) ಪಥಗಳು ತ್ರಿವಿಧ: ಸ್ಲ್ಯಾಶಿನಿಂದ ತೊಡಗುವ ಸ್ಲ್ಯಾಶಾದಿ, ತೊಡಗದ ಅಸ್ಲ್ಯಾಶಾದಿ, ಎರಡು ಚುಕ್ಕೆಯಿಟ್ಟು ಹಿಂದಕ್ಕೆ ಸರಿಯುವ ದ್ವಿಬಿಂದುಪೂರ್ವಕ. ಮೂರನೆಯದನ್ನು ಮುಂದೆ ವಿವರಿಸಲಾಗುವುದು.

ದೃಷ್ಟಾಂತಕ್ಕೆ ಹೊನ್ನಾಳಿ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ನಮ್ಮ ತಾಲ್ಲೂಕು ಶಿವಮೊಗ್ಗದಿಂದ ಅಲ್ಲಿಗೆ ಸೇರಿತು. ಊರು ಒಂದಿಂಚೂ ಕದಲಲಿಲ್ಲ. ಹೊಳೆಯೂ ಅದೇ ಮಗ್ಗುಲಲ್ಲಿ. 'ಶಿವಮೊಗ್ಗ, ಆಮೇಲೆ ಹೊನ್ನಾಳಿ' ಎಂದು ಪೂರ್ತಿ ವಿಳಾಸ ಬರೆದಿಟ್ಟುಕೊಂಡವನು ಕೆಟ್ಟ. 'ಹೊಳೆದಂಡೆಯ ಊರು' ಅಂದವನು ಉಳಿದ; ಆದರೆ ಅವನು ಅದೇ ಹೊಳೆಯ ದಂಡೆಯ ಹರಿಹರದಲ್ಲಿ ನಿಂತು ಅದನ್ನೇ ಅಂದರೆ ಸಿಗುವುದು ಹರಿಹರವೇ.

ಸರ್ವರಿನ ಗೋಳೂ ಇದೇ. ಬರೆದವನ ಟಾಮ್‌ಕ್ಯಾಟಿನಲ್ಲಿ ಅಪ್ಲಿಕೇಶನ್ ಬುಡದಲ್ಲೇ ಕೂತಿರುತ್ತದೆ. ಪರೀಕ್ಷೆಯ ಸರ್ವರಿನಲ್ಲಿ ತನ್ನ ಹೆಸರಿನ ಕೆಳಗೆ. ಲಿಂಕಿನ ಮೊದಲ ಸ್ಲ್ಯಾಶನ್ನು ಬ್ರೌಸರು ಸರ್ವರಿನ ಬುಡದಿಂದ ಎಣಿಸುತ್ತದೆ; ಅದೇ ಸ್ಲ್ಯಾಶನ್ನು ರಿಕ್ವೆಸ್ಟ್‌ಡಿಸ್ಪ್ಯಾಚರು ಅಪ್ಲಿಕೇಶನ್ನಿನ ಬುಡದಿಂದ. ಗೆರೆ ಒಂದು, ತವರು ಎರಡು. ಡಿಸ್ಪ್ಯಾಚರು ಮಾಡುವ ಫಾರ್ವರ್ಡ್ ಎಂದರೆ ಕಡತ ಒಳಗೊಳಗೇ ಮೇಜು ದಾಟುವುದು. ಅರ್ಜಿದಾರ ಹಳೇ ಕಿಟಕಿಯಲ್ಲೇ ಕಾಯುತ್ತಾನೆ. ಬ್ರೌಸರಿಗೂ ಗೊತ್ತಿರುವುದು ಹಳೇ ವಿಳಾಸವೇ. ಅಸ್ಲ್ಯಾಶಾದಿ ಸ್ಟೈಲ್‌ಶೀಟನ್ನು ಅಲ್ಲಿಂದಲೇ ಹುಡುಕಿ ಸೋಲುತ್ತದೆ, ಪುಟ ಬೋಳಾಗಿ ಬರುತ್ತದೆ. ರೀಡೈರೆಕ್ಟ್ ಎಂದರೆ 'ಆ ಕಿಟಕಿಗೆ ಹೋಗ್ರಿ'.

ದ್ವಿಬಿಂದುಪೂರ್ವಕವನ್ನು ಕೈಬಿಟ್ಟಿದ್ದೇನೆ. ನನಗೇ ಸಾಕಾಯಿತು.

ಯಾಕೆಂದರೆ ಮದ್ದು ಒಂದೇ ಸಾಲಿನದು: ಲಿಂಕಿನ ಮುಂದೆ ಗೆಟ್‌ಕಾಂಟೆಕ್ಸ್ಟ್‌ಪಾಥ್ ಕೊಡುವ ಹೆಸರನ್ನು ಸೇರಿಸಿ, ಇಲ್ಲವೇ ಜೆಎಸ್‌ಟಿಎಲ್‌ನ ಯುಆರ್‌ಎಲ್ ಟ್ಯಾಗಿಗೆ ಒಪ್ಪಿಸಿ. ಪರೀಕ್ಷಿಸುವಾಗ ಅಪ್ಲಿಕೇಶನ್ನನ್ನು ಬೇಕೆಂತಲೇ ಬೇರೆ ಹೆಸರಿನಡಿ ಏರಿಸಿ ನೋಡಿ. ಇಷ್ಟಕ್ಕೆ ವಾಸ್ತುಶಿಲ್ಪಿ ಎಂಬ ಹುದ್ದೆ, ನಲವತ್ತು ಸ್ಲೈಡು, ಕೊನೆಗೆ 'ನಮ್ಮ ಮಷೀನಲ್ಲಿ ಓಡ್ತಿತ್ತು ಸಾರ್' ಎಂಬ ಮಹಾವಾಕ್ಯ! ನಿಮ್ಮ ಮಷೀನಿನ ಮುಂದೆ ಯಾರಪ್ಪ ಸರತಿ ನಿಂತಿದ್ದರು?

ನಾನು ಕಂಡದ್ದು ಒಂದು ಅರ್ಜಿ ಕೇಂದ್ರದಲ್ಲಿ. ನ್ಯಾಮತಿ ಕಡೆಯ ಅಜ್ಜಿ, ಸೆರಗಿನ ತುದಿಯಲ್ಲಿ ಬಸ್ ಚಾರ್ಜು. ತೆರೆಯ ಮೇಲೆ 404.

"ಪೇಜ್ ಸಿಗ್ತಿಲ್ಲ ಅಜ್ಜಿ, ನಾಳೆ ಬಾ."

"ಎಲ್ಲಿಗೆ ಹೋಗೈತಪ್ಪ ಅದು?"

ಕೇಂದ್ರದ ಹುಡುಗ ಉತ್ತರಿಸಲಿಲ್ಲ. ನಾನು ಬಗ್ಗಿ ವಿಳಾಸಪಟ್ಟಿ ನೋಡಿದೆ: ಅಪ್ಲಿಕೇಶನ್ನಿನ ಹೆಸರೇ ಇರಲಿಲ್ಲ. ಸೇರಿಸಿ ಒತ್ತಿದರೆ ಪುಟ ಬಂತು. ಹೊರಗೆ ಓಡಿ ನೋಡಿದೆ. ಅಜ್ಜಿ ಬಸ್ಸು ಹತ್ತಿಯಾಗಿತ್ತು.