ಚೊಗರಿಲ್ಲದ ಚಾ

ಹೊರದೇಶದ ಮಗನ ಮನೆಗೆ ಊರಿನಿಂದ ತಾಯಿ ಬಂದಾಗ ಮೊದಲ ಪರೀಕ್ಷೆ ಸೊಸೆಗೆ ಎಂದು ಲೋಕ ತಿಳಿದಿದೆ. ಅದಕ್ಕೂ ಮುಂಚೆ ಸೊಸೆ ಮಾಡಿದ ಚಾಕ್ಕೆ ಪರೀಕ್ಷೆ. ಅದರಲ್ಲಿ ಬಿದ್ದ ಅಂಕವನ್ನೇ ಸೊಸೆಯ ಹೆಸರಿನ ಮುಂದೆ ಬರೆದುಕೊಳ್ಳಲಾಗುತ್ತದೆ.

ನನ್ನ ಅತ್ತೆ ಕಾರ್ಕಳದವರು. ಅಲ್ಲಿಯ ಗೊಮ್ಮಟ 1432ರಿಂದ ಮಳೆಬಿಸಿಲೆನ್ನದೆ, ಒಂದು ಲೋಟ ಚಾ ಸಹ ಕೇಳದೆ, 42 ಅಡಿ ಎತ್ತರಕ್ಕೆ ನಿಂತಿದ್ದಾನೆ. ಅದೇ ಊರಿನ ಅತ್ತೆಗೆ ಬೆಳಿಗ್ಗೆ ಆರೂವರೆ ದಾಟಿದರೆ ಚಾ ಇಲ್ಲದೆ ನಿಲ್ಲಲಾಗುವುದಿಲ್ಲ. ಲಂಡನ್ನಿನ ಹ್ಯಾರೋದಲ್ಲಿರುವ ನಮ್ಮ ಮನೆಗೆ ಅವರು ಹೊರಡುವ ಹೊತ್ತಿಗೆ ಸರಿಯಾಗಿ ಡಾಕ್ಟರು, ಹೊಟ್ಟೆಯುಬ್ಬರಕ್ಕೆ ಹಾಲು ಬಿಡಿ ಎಂದುಬಿಟ್ಟರು. ಜೀವಮಾನವಿಡೀ ಹಾಲು ಹಾಕಿ ಕುದಿಸಿದ ಚಾ ಕುಡಿದವರು ಹೀಗೆ ರಾತ್ರಿ ಬೆಳಗಾಗುವುದರೊಳಗೆ ಹಾಲಿಲ್ಲದ ಕಣ್ಣ ಚಾಕ್ಕೆ ಇಳಿದರು.

ಊರಿನ ಚಾಹುಡಿಯನ್ನೇ ಹಾಲಿಲ್ಲದೆ ಕುದಿಸಿಕೊಟ್ಟೆ. ಅತ್ತೆ ಒಂದು ಗುಟುಕು ಕುಡಿದು ಲೋಟವನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು.

“ಎಂತದು ಮಾರಾಯ್ತಿ, ನಾಲಗೆಯೆಲ್ಲ ಚೊಗರು!”

ಹುಡಿಯದ್ದು ಏನೂ ತಪ್ಪಿಲ್ಲ. 1930ರ ದಶಕದಲ್ಲಿ ಅಸ್ಸಾಮಿನಲ್ಲಿ ಹುಟ್ಟಿದ ಸಿಟಿಸಿ ಯಂತ್ರ ಚಹಾ ಎಲೆಯನ್ನು ಜಜ್ಜಿ, ಹರಿದು, ಸಣ್ಣ ಕಾಳು ಮಾಡುತ್ತದೆ; ನಮ್ಮ ಊರಿನ ಚಾಹುಡಿ ಅದೇ. ಕಾಳು ಸಣ್ಣದಾದಷ್ಟೂ ಬಣ್ಣ, ಕಡಕ್ಕು, ಚೊಗರು ಎಲ್ಲವೂ ಕ್ಷಣದಲ್ಲಿ ನೀರಿಗಿಳಿಯುತ್ತವೆ. ಅದಕ್ಕೆ ಹಾಲು ಬಿದ್ದರೆ ಹಾಲಿನ ಪ್ರೋಟೀನು ಆ ಚೊಗರನ್ನು ಹಿಡಿದು ಕೂರಿಸುತ್ತದೆ. ಇಷ್ಟು ವರ್ಷ ಮಧ್ಯಸ್ಥಿಕೆ ಮಾಡುತ್ತಿದ್ದ ಹಾಲನ್ನು ಡಾಕ್ಟರು ಮನೆಯಿಂದ ಹೊರಗೆ ಹಾಕಿದ್ದರು. ಇನ್ನು ಅತ್ತೆಗೂ ಹುಡಿಗೂ ನೇರ ಮುಖಾಮುಖಿ.

ಭಾನುವಾರ ವಿಡಿಯೋ ಕಾಲಿನಲ್ಲಿ ಕುಟುಂಬದ ಸಭೆ ಸೇರಿತು. ಉಡುಪಿಯ ಚಿಕ್ಕಮಾವ ಪ್ರಾಯದಲ್ಲಿ ಮುಂಬಯಿಯ ಹೋಟೆಲೊಂದರ ಗಲ್ಲದಲ್ಲಿ ಕೂತವರು. “ಡಸ್ಟ್ ಹುಡಿಯೇ ಒಳ್ಳೆಯದು. ಒಂದು ಕಿಲೋಕ್ಕೆ ಎಷ್ಟು ಲೋಟ ಆಗ್ತದೆ ಅದನ್ನು ನೋಡು,” ಎಂದರು. ಮನೆಯಲ್ಲಿ ಕುಡಿಯುವವರು ಮೂರೇ ಜನ ಎಂದದ್ದಕ್ಕೆ, “ಗಿರಾಕಿ ಮೆಲ್ಲ ಬರ್ತಾರೆ,” ಎಂದು ಧೈರ್ಯ ಹೇಳಿದರು. ಕಾಪುವಿನಿಂದ ನನ್ನ ಅಮ್ಮ, “ಒಂದು ತುಂಡು ಶುಂಠಿ ಜಜ್ಜಿ ಹಾಕು ಮಗಾ,” ಎಂದಳು. ಅಮ್ಮ ಜ್ವರಕ್ಕೂ, ಪರೀಕ್ಷೆಗೂ, ವೀಸಾ ತಡವಾದರೂ ಇದನ್ನೇ ಹೇಳುವವಳು. ಕಾಪುವಿನ ದೀಪಸ್ತಂಭ 1901ರದ್ದು. ಅಮ್ಮನ ಮನೆಯ ಚಾಕ್ಕೆ ಶುಂಠಿ ಬೀಳಲು ಶುರುವಾದದ್ದು ಅದಕ್ಕಿಂತ ಮೊದಲೇ ಎಂದು ಕಾಣುತ್ತದೆ.

ವಿದ್ಯಾವಂತರ ಊರು ಮಣಿಪಾಲದಿಂದ ನಾದಿನಿ ಮಾತ್ರ ಶಾಸ್ತ್ರೀಯವಾಗಿ ಮಾತಾಡಿದಳು. “ಅತ್ತಿಗೆ, ಹುಡಿ ಬಿಡಿ, ಎಲೆ ಚಹಾ ತನ್ನಿ. ಆರ್ಥಡಾಕ್ಸ್ ಅಂತ ಇರ್ತದೆ. ಎಲೆಯನ್ನು ಬಾಡಿಸಿ ಸುರುಳಿ ಮಾಡಿರ್ತಾರೆ. ನೀರಿಗೆ ನಿಧಾನಕ್ಕೆ ಬಿಡ್ತದೆ.”

ಅಂಗಡಿಗೆ ಹೋದರೆ ಡಬ್ಬಿಗಳ ಮೇಲೆ ಒಪಿ, ಬಿಒಪಿ, ಎಫ್‌ಒಪಿ, ಟಿಜಿಎಫ್‌ಒಪಿ. ಮಣಿಪಾಲದ ಡಾಕ್ಟರರ ಬಾಗಿಲ ಬೋರ್ಡಿನಲ್ಲಿ ಹೆಸರಿನ ಹಿಂದೆ ಅಕ್ಷರಗಳು ಸಾಲುಗಟ್ಟಿ ನಿಂತಂತೆ. ಅಕ್ಷರ ಜಾಸ್ತಿಯಾದಷ್ಟೂ ಫೀಸು ಜಾಸ್ತಿ ಎಂಬುದು ಎರಡು ಕಡೆಯೂ ನಿಜ. ಆದರೆ ಚಹಾದ ಅಕ್ಷರಗಳು ಹೇಳುವುದು ಎಲೆ ಎಷ್ಟು ದೊಡ್ಡದು, ಎಷ್ಟು ಇಡಿಯಾಗಿದೆ, ಅದರಲ್ಲಿ ಕುಡಿ ಎಷ್ಟಿದೆ ಎಂಬುದನ್ನು ಮಾತ್ರ. ಬಾಯಿಗೆ ಹೇಗೆ ಎಂಬುದನ್ನು ಅತ್ತೆಯೇ ಹೇಳಬೇಕು.

ಹೇಳಿದರು. ಡಾರ್ಜಿಲಿಂಗಿನ ಮೊದಲ ಚಿಗುರಿನ ಚಹಾವನ್ನು ಗಾಜಿನ ಲೋಟದಲ್ಲಿ ಕೊಟ್ಟೆ. ತಿಳಿಹಳದಿ ಬಣ್ಣ, ಹೂವಿನ ಪರಿಮಳ, ಪರ್ಸಿಗೆ ದೊಡ್ಡ ತೂತು. ಅತ್ತೆ ಲೋಟವನ್ನು ಬೆಳಕಿಗೆ ಹಿಡಿದು, “ನೀರು ಬಿಸಿಯಾಗಿದೆ. ಇನ್ನು ಹುಡಿ ಹಾಕು,” ಎಂದರು. ಪೈನ್ ಮರದ ಹೊಗೆಯಲ್ಲಿ ಒಣಗಿಸುವ ಚೀನಾದ ಲ್ಯಾಪ್‌ಸಾಂಗ್ ಸೂಚಾಂಗ್ ಕೊಟ್ಟಾಗ, “ಇದನ್ನು ಯಾರ ಬಚ್ಚಲ ಒಲೆಯ ಮೇಲೆ ಒಣಗಿಸಿದ್ದು?” ಎಂದು ಕೇಳಿದರು. ಅಸ್ಸಾಮಿನ ಎಲೆಗೆ, “ಅಡ್ಡಿಲ್ಲ, ಆದರೆ ಬೆಳಿಗ್ಗೆಯೇ ಜಗಳಕ್ಕೆ ಬರ್ತದೆ.” ಕೊನೆಗೆ ನೀಲಗಿರಿಯ ಎಲೆ ಚಹಾ. ಬಣ್ಣಕ್ಕೆ ಬಣ್ಣ, ಪರಿಮಳಕ್ಕೆ ಪರಿಮಳ. ಚೊಗರು ಕಡಿಮೆ, ಹಾಲು ಬೇಡ. ಅತ್ತೆ ಏನೂ ಹೇಳದೆ ಇಡೀ ಲೋಟ ಕುಡಿದರು. ನಮ್ಮ ಕಡೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಇಲ್ಲ.

“ಇದು ಎಲ್ಲಿಯದ್ದು?”

“ಊಟಿ, ಕೂನೂರು ಕಡೆಯದ್ದು, ಅತ್ತೆ. ಅಷ್ಟು ದೂರ ಯಾಕೆ, ನಮ್ಮ ಚಾರ್ಮಾಡಿ ಘಾಟಿ ಹತ್ತಿದರೆ ಕೊಟ್ಟಿಗೆಹಾರದ ಹತ್ತಿರ ಕೆಳಗೂರಿನಲ್ಲೂ ಚಹಾ ತೋಟ ಉಂಟು.”

“ಉಂಟಾ? ಆ ದಾರಿಯಲ್ಲಿ ಎಷ್ಟು ಸಲ ಹೋಗಿದ್ದೇನೆ!” ಘಾಟಿ ಉದ್ದಕ್ಕೂ ಕಣ್ಣು ಮುಚ್ಚಿ, ಮೂಗಿಗೆ ಲಿಂಬೆಹುಳಿ ಹಿಡಿದು ಕೂರುವವರಿಗೆ ತೋಟ ಕಾಣದಿದ್ದುದು ಸಹಜ.

ಎಲೆ ಸಿಕ್ಕಿತು, ಜಗಳ ಮುಗಿಯಲಿಲ್ಲ. ದಿನ ಬೆಳಗಾದರೆ ಲೋಟದ ಮೇಲೆ ತೆಳ್ಳಗಿನ ಕೆನೆ. ಹಾಲಿಲ್ಲದ ಚಾದಲ್ಲಿ ಕೆನೆ ಎಲ್ಲಿಂದ? ಅತ್ತೆ ಸೀದಾ ಕೆಟಲಿನ ಮುಚ್ಚಳ ತೆಗೆದು ಇಣುಕಿದರು. ಲಂಡನ್ನಿನ ಸುತ್ತ ನೆಲದಡಿ ಸೀಮೆಸುಣ್ಣದ ಬಂಡೆ, ನೀರು ಗಡಸು. ಕಾಯಿಸಿದರೆ ಪಾತ್ರೆಯ ತಳದಲ್ಲಿ ಬಿಳಿ ಕರೆ, ಚಹಾ ಹಾಕಿದರೆ ಮೇಲೆ ಪೊರೆ. ಅತ್ತೆ ಒಳಗೆ ಬೆರಳಾಡಿಸಿ, “ಸುಣ್ಣ ಉಂಟು. ಇನ್ನು ಎಲೆ, ಅಡಿಕೆ ತಂದರೆ ಆಯ್ತು,” ಎಂದರು. ನೀರು ಸೋಸುವ ಜಗ್ಗು ತಂದ ಮೇಲೆ ಪೊರೆ ಹೋಯಿತು, ಚಾ ಬೆಳಗಿತು.

ಉಳಿದದ್ದು ಕುದಿಸುವ ವಿಚಾರ. ಎಲೆ ಚಹಾವನ್ನು ಒಲೆಯ ಮೇಲೆ ಕುದಿಸಬಾರದು. ಒಂದು ಲೋಟಕ್ಕೆ ಒಂದು ಚಮಚ ಎಲೆ, ಮೇಲೆ ಆಗಷ್ಟೇ ಕುದಿದ ನೀರು, ಮುಚ್ಚಳ, ಮೂರು ನಿಮಿಷ, ಸೋಸು. ಮೂರು ದಾಟಿದರೆ ಚೊಗರು ನೀರಿಗಿಳಿಯುತ್ತದೆ. “ಬೇಯಿಸದೆ ಕುಡಿದರೆ ಹೊಟ್ಟೆನೋವು,” ಎಂದು ಅತ್ತೆ ದಿನಾ ಪಾತ್ರೆ ಎತ್ತುವುದು, ನಾನು ಗ್ಯಾಸು ಆರಿಸುವುದು. ನಮ್ಮಿಬ್ಬರ ಮಧ್ಯೆ ನನ್ನ ಗಂಡ ಫೋನಿನಲ್ಲಿ ಮೂರು ನಿಮಿಷದ ಅಲಾರಾಂ ಇಟ್ಟು, ಅದು ಕೂಗುವ ತನಕ ಬಾತ್‌ರೂಮಿನಲ್ಲಿ ಅಡಗಿರುವುದು. ಹೀಗೆ ಮನೆಯಲ್ಲಿ ಶಾಂತಿ ನೆಲೆಸಿತು.

ಹೊರಡುವಾಗ ಅತ್ತೆಯ ಸೂಟ್‌ಕೇಸಿನಲ್ಲಿ ನೀಲಗಿರಿಯ ಡಬ್ಬಿಗಳು. ಕೂನೂರಿನ ಎಲೆ ಲಂಡನ್ನು ನೋಡಿಕೊಂಡು ಕಾರ್ಕಳಕ್ಕೆ ಹೋಯಿತು. ನೆರೆಕರೆಯವರಿಗೆಲ್ಲ “ಲಂಡನ್ ಚಾ” ಹಂಚಿಕೆಯಾಯಿತು. ಉಡುಪಿಯ ಚಿಕ್ಕಮಾವ ಕುಡಿದು, “ಬಿಳಿಯರಿಗೆ ಚಾ ಬೆಳೆಸಲು ಬರ್ತದೆ, ಒಪ್ಪಬೇಕು,” ಎಂದರಂತೆ.

ಕಾರ್ಕಳದ ಮನೆಯ ಮುರಕಲ್ಲಿನ ಬಾವಿಯ ನೀರು ಮೃದು. ಸೋಸುವ ಜಗ್ಗು ಬೇಡ, ಪೊರೆ ಕಟ್ಟುವುದಿಲ್ಲ. ಅದೇ ಎಲೆ ಅಲ್ಲಿ ಇನ್ನೂ ತಿಳಿಯಾಗಿ, ಕೆಂಪಗೆ, ನಯವಾಗಿ ಇಳಿಯಿತು. ಅತ್ತೆ ಕೂಡಲೇ ವಿಡಿಯೋ ಕಾಲ್ ಮಾಡಿ, ಲೋಟವನ್ನು ಕ್ಯಾಮರಾದ ಮುಂದೆ ಹಿಡಿದು ತೀರ್ಪು ಕೊಟ್ಟರು:

“ನೋಡು, ಎಲೆ ಒಳ್ಳೆಯದೇ ಇತ್ತು ಮಾರಾಯ್ತಿ. ಚಾ ಮಾಡುವವರಿಗೆ ಗೊತ್ತಿರಬೇಕು, ಅಷ್ಟೆ.”